ಇಬ್ಬರು ಗೆಳೆಯರು, ಒಂದು ಹವಳದ ದ್ವೀಪ

ಗೆಳೆಯರಿಬ್ಬರು ಕೂಡಿ ನಾಲ್ಕಾರು ದಿನ ನಿರಾಳವಾಗಿ ಕಳೆದು ಬರುವ ದ್ವೀಪದ ರಜೆಗೆ ಲಕ್ಷದ್ವೀಪ ಬಹಳ ಒಪ್ಪುವ ಜಾಗ. ಅಲ್ಲಿ ನೋಡಲೇಬೇಕಾದ ಸ್ಥಳಗಳ ಉದ್ದನೆಯ ಪಟ್ಟಿ ಇಲ್ಲ. ಹತ್ತಲು ಬೆಟ್ಟವಿಲ್ಲ, ಸುತ್ತಲು ದೊಡ್ಡ ಪೇಟೆಯಿಲ್ಲ. ಇರುವುದು ತಿಳಿನೀರು, ಬಿಳಿ ಮರಳು, ತೆಂಗಿನ ತೋಟ, ನೀರಿನಡಿಯ ಹವಳ. ಇವನ್ನು ಒಬ್ಬರೇ ಅನುಭವಿಸುವುದಕ್ಕಿಂತ ಇಬ್ಬರು ಕೂಡಿ ಅನುಭವಿಸುವುದು ಸುಲಭ, ಸುರಕ್ಷಿತ, ಸಂತೋಷದ್ದು. ಈ ದ್ವೀಪಗಳು ಹುಟ್ಟಿದ್ದೂ ಜೊತೆಗಾರಿಕೆಯಿಂದಲೇ, ಇಂದು ನೀರ ಮೇಲೆ ಉಳಿದಿರುವುದೂ ಅದೇ ಜೊತೆಗಾರಿಕೆಯಿಂದ. ಅದನ್ನು ತಿಳಿದು ಹೊರಟವರಿಗೆ ರಜೆ ಇನ್ನಷ್ಟು ಹಗುರವಾಗುತ್ತದೆ.

ಕೇರಳದ ಕರಾವಳಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದಲ್ಲಿ ಚದುರಿಕೊಂಡಿರುವ ಈ ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶವೆಂಬ ಹೆಸರು ಲಕ್ಷದ್ವೀಪದ್ದೇ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ: ಅಗತ್ತಿ, ಅಮಿನಿ, ಆಂದ್ರೋತ್, ಕಡ್ಮತ್, ಕಲ್ಪೇನಿ, ಕವರತ್ತಿ, ಕಿಲ್ತಾನ್, ಚೆತ್ಲತ್, ಬಿತ್ರಾ ಮತ್ತು ದೂರದ ಮಿನಿಕಾಯ್. 2011ರ ಜನಗಣತಿಯಂತೆ ಎಲ್ಲ ಸೇರಿ 64,473 ಜನ. ಆಡಳಿತದ ಕೇಂದ್ರ ಕವರತ್ತಿ. ನೆಲ ಇಷ್ಟು ಕಿರಿದಾದರೂ ಹವಳದ ದಿಬ್ಬಗಳ ಒಳಗೆ ಶಾಂತವಾಗಿ ನಿಂತ ಲಗೂನ್‌ಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ಅಂದರೆ ನಡೆದಾಡುವ ನೆಲದ ನೂರು ಪಾಲಿಗೂ ಹೆಚ್ಚು ಈಜಾಡುವ ನೀರಿದೆ. ರಜೆಯ ಸ್ವರೂಪವನ್ನು ನಿರ್ಧರಿಸುವುದು ಈ ಲೆಕ್ಕವೇ.

ಹೆಚ್ಚಿನ ದ್ವೀಪಗಳ ರಚನೆ ಒಂದೇ ಬಗೆಯದು. ಉಂಗುರದಂತಿರುವ ಹವಳದ ದಿಬ್ಬದ ಪೂರ್ವದ ಅಂಚಿನಲ್ಲಿ ನೆಲ, ಪಶ್ಚಿಮಕ್ಕೆ ಲಗೂನ್. ಕಡ್ಮತ್ ಸುಮಾರು ಒಂಬತ್ತು ಕಿಲೋಮೀಟರ್ ಉದ್ದವಿದ್ದರೂ ಅತಿ ಅಗಲವಾದ ಕಡೆಯೂ ಅಡ್ಡಳತೆ ಅರ್ಧ ಕಿಲೋಮೀಟರಿನ ಆಸುಪಾಸು. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ತೋಟದೊಳಗಿಂದ ಮಾತಾಡುತ್ತ ನಡೆದರೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ಕುಳಿತು ತೆರೆದ ಕಡಲಿನಿಂದ ಸೂರ್ಯ ಏಳುವುದನ್ನು ಕಂಡವರು ಸಂಜೆ ಪಶ್ಚಿಮದ ದಂಡೆಯಲ್ಲಿ ಲಗೂನಿನ ಮೇಲೆ ಅವನು ಮುಳುಗುವುದನ್ನೂ ಕಾಣಬಹುದು. ಅದಕ್ಕೆ ವಾಹನ ಬೇಡ, ಟಿಕೆಟ್ಟು ಬೇಡ.

ಈ ದ್ವೀಪಗಳ ಬುಡಕ್ಕೂ ಕರ್ನಾಟಕದ ಉತ್ತರದ ನೆಲಕ್ಕೂ ಭೂವಿಜ್ಞಾನದ ಒಂದು ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಹಿಂದೂ ಮಹಾಸಾಗರದ ಒಂದು ಬಿಸಿ ತಾಣದ ಮೇಲೆ ಹಾದುಹೋದಾಗ ಅಪಾರ ಲಾವಾ ಉಕ್ಕಿ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಪದರಗಳಾದವು. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಬಿಸಿ ತಾಣ ಕಡಲತಳದಲ್ಲಿ ಬೆಂಕಿಬೆಟ್ಟಗಳ ಸಾಲೊಂದನ್ನು ಎಬ್ಬಿಸಿತು. ಲಕ್ಷದ್ವೀಪ, ಮಾಲ್ಡೀವ್ಸ್ ಮತ್ತು ಚಾಗೋಸ್ ಆ ಸಾಲಿನ ಮೇಲೆ ಕುಳಿತಿವೆ. ಆ ಬಿಸಿ ತಾಣ ಈಗ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ.

ಬೆಟ್ಟಗಳು ನಿಧಾನವಾಗಿ ಕುಸಿದು ಮುಳುಗುತ್ತ ಹೋದವು. ಅವುಗಳ ಅಂಚಿನಲ್ಲಿ ನೆಲೆಸಿದ್ದ ಹವಳಗಳು ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋದವು. ಬೆಟ್ಟ ಮರೆಯಾದ ಮೇಲೂ ಅದರ ಸುತ್ತಲಿನ ಹವಳದ ಉಂಗುರ ಉಳಿಯಿತು. ಹವಳದ ಉಂಗುರ ದ್ವೀಪಗಳ ಹುಟ್ಟನ್ನು ಹೀಗೆ ವಿವರಿಸಿದವನು ಚಾರ್ಲ್ಸ್ ಡಾರ್ವಿನ್. ಅವನ ವಾದ 1842ರಲ್ಲಿ ಪುಸ್ತಕವಾಗಿ ಬಂತು. ಬಹಳ ಆಳಕ್ಕೆ ಕೊರೆದು ನೋಡಿದಾಗ ಹವಳದ ಸುಣ್ಣದ ಕೆಳಗೆ ಬೆಂಕಿಬೆಟ್ಟದ ಕಲ್ಲು ಸಿಗಬೇಕೆಂಬ ಅವನ ಊಹೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಪೆಸಿಫಿಕ್ ಸಾಗರದಲ್ಲಿ ನಡೆದ ಕೊರೆತ ದೃಢಪಡಿಸಿತು.

ಇಷ್ಟು ದೊಡ್ಡ ಕಟ್ಟಡವನ್ನು ಕಟ್ಟುವ ಹವಳ ಒಂದು ಪುಟ್ಟ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ವಾಸಿಸುತ್ತವೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಆಸರೆಯನ್ನೂ ಪೋಷಕಾಂಶವನ್ನೂ ಕೊಡುತ್ತದೆ. ಹವಳದ ಬಣ್ಣದಲ್ಲಿ ಹೆಚ್ಚಿನದು ಪಾಚಿಯದೇ. ಈ ಇಬ್ಬರ ಒಪ್ಪಂದದಿಂದ ಸುಣ್ಣದ ಗೂಡು ಬೇಗ ಬೆಳೆಯುತ್ತದೆ, ಗೂಡುಗಳು ಸೇರಿ ದಿಬ್ಬವಾಗುತ್ತವೆ, ದಿಬ್ಬ ಅಲೆಯನ್ನು ತಡೆದು ದ್ವೀಪವನ್ನು ಕಾಯುತ್ತದೆ. ದಂಡೆಯ ಬಿಳಿ ಮರಳೂ ಇದರದೇ ಕೊಡುಗೆ. ಗಿಣಿಯ ಕೊಕ್ಕಿನಂಥ ಬಾಯಿಯ ಗಿಣಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಸುಣ್ಣವನ್ನೂ ಕಡಿದು ನುಂಗುತ್ತದೆ. ಜೀರ್ಣವಾಗದ ಸುಣ್ಣ ನುಣ್ಣನೆಯ ಮರಳಾಗಿ ಹೊರಬೀಳುತ್ತದೆ. ಗೆಳೆಯರಿಬ್ಬರು ಮೈಚಾಚಿ ಮಲಗುವ ಮರಳಿನಲ್ಲಿ ಒಂದಷ್ಟು ಪಾಲು ಮೀನಿನ ಹೊಟ್ಟೆಯಿಂದ ಬಂದದ್ದು.

ಈ ರಜೆಗೆ ಅಕ್ಟೋಬರಿನಿಂದ ಮೇ ತಿಂಗಳ ಮೊದಲ ಭಾಗದವರೆಗಿನ ಅವಧಿ ಸೂಕ್ತ. ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವ ಹೊತ್ತಿಗೆ ಇಲ್ಲಿನ ಕಡಲೂ ಕೆರಳುತ್ತದೆ. ಹಡಗಿನಿಂದ ದ್ವೀಪಕ್ಕೆ ಇಳಿಸುವ ಸಣ್ಣ ದೋಣಿಗಳಿಗೆ ಆಗ ಓಡಾಟ ಕಷ್ಟ, ನೀರಿನಾಟಗಳೂ ನಿಲ್ಲುತ್ತವೆ. ಡಿಸೆಂಬರಿನಿಂದ ಮಾರ್ಚಿವರೆಗೆ ನೀರು ತಿಳಿಯಾಗಿ, ಗಾಳಿ ಹದವಾಗಿ ಇರುತ್ತದೆ.

ದ್ವೀಪಗಳಿಗೆ ಹೊರಗಿನವರು ಪ್ರವೇಶ ಪರವಾನಗಿಯಿಲ್ಲದೆ ಹೋಗುವಂತಿಲ್ಲ. ನೆಲ ಚಿಕ್ಕದು, ನೀರು ಕಡಿಮೆ, ಜನಜೀವನ ಸೂಕ್ಷ್ಮ. ಆದ್ದರಿಂದ ಬರುವವರ ಸಂಖ್ಯೆಯ ಮೇಲೆ ಹಿಡಿತ ಅಗತ್ಯ. ವಸತಿ, ಪರವಾನಗಿ, ಹಡಗು ಅಥವಾ ವಿಮಾನದ ಟಿಕೆಟ್ಟು ಈ ಮೂರೂ ಕೈಸೇರಿದ ಮೇಲೆಯೇ ಹೊರಡಬೇಕು. ಒಬ್ಬರು ಕಾಗದಪತ್ರ ನೋಡಿಕೊಂಡರೆ ಇನ್ನೊಬ್ಬರು ಪ್ರಯಾಣ ಮತ್ತು ವಸತಿ ನೋಡಿಕೊಳ್ಳಬಹುದು. ಪರವಾನಗಿಗೆ ಸಮಯ ಹಿಡಿಯುವುದರಿಂದ ವಾರಗಳ ಮುಂಚೆಯೇ ಕೆಲಸ ಶುರುಮಾಡುವುದು ಒಳ್ಳೆಯದು.

ಹೋಗುವ ದಾರಿ ಎರಡು. ಕೊಚ್ಚಿಯಿಂದ ಹೊರಡುವ ಪ್ರಯಾಣಿಕರ ಹಡಗುಗಳು ದ್ವೀಪವನ್ನು ಅವಲಂಬಿಸಿ ಹದಿನಾಲ್ಕರಿಂದ ಇಪ್ಪತ್ತು ಗಂಟೆ ತೆಗೆದುಕೊಳ್ಳುತ್ತವೆ. ವಿಮಾನವಾದರೆ ಅಗತ್ತಿಗೆ ಒಂದೂವರೆ ಗಂಟೆಯ ಹಾರಾಟ. ದ್ವೀಪಸಮೂಹದ ಏಕೈಕ ವಿಮಾನ ನಿಲ್ದಾಣ ಇರುವುದು ಅಲ್ಲಿಯೇ. ದ್ವೀಪದ ದಕ್ಷಿಣದ ತುದಿಯಲ್ಲಿ ಎರಡೂ ಬದಿಗೆ ನೀರನ್ನಿಟ್ಟುಕೊಂಡು ಚಾಚಿದ ಕಿರಿದಾದ ರನ್‌ವೇ ಅದು, ಸಣ್ಣ ವಿಮಾನಗಳಿಗಷ್ಟೇ ಸಾಕಾಗುವಷ್ಟು ಉದ್ದ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದಲೂ ಅಗತ್ತಿಗೆ ನೇರ ವಿಮಾನ ಶುರುವಾಯಿತು. ಸಮಯವಿದ್ದವರಿಗೆ ಹಡಗಿನ ದಾರಿಯೇ ಹೆಚ್ಚು ರುಚಿ. ರಾತ್ರಿ ಡೆಕ್ಕಿನ ಮೇಲೆ ನಕ್ಷತ್ರಗಳ ಕೆಳಗೆ ಹರಟೆ ಕೊಚ್ಚುವ ಅವಕಾಶ ವಿಮಾನದಲ್ಲಿ ಸಿಗದು. ಹಡಗಿನ ಓಲಾಟಕ್ಕೆ ತಲೆ ಸುತ್ತುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಬೇಕು.

ಲಗೂನಿನ ನೀರು ಆಳವಿಲ್ಲದ್ದರಿಂದ ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು. ಅದು ದಿಬ್ಬದ ಹೊರಗೆ ನಿಲ್ಲುತ್ತದೆ, ಪ್ರಯಾಣಿಕರು ಹಡಗಿನ ಮಗ್ಗುಲಿನ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಏಳುತ್ತ ಬೀಳುತ್ತ ಇರುತ್ತದೆ. ದೋಣಿಯವರು ಕೈಹಿಡಿದು ಹೇಳಿದ ಕ್ಷಣದಲ್ಲೇ ಕಾಲಿಡಬೇಕು. ಸಾಮಾನು ಕಡಿಮೆ ಇದ್ದಷ್ಟೂ ಈ ದಾಟುವಿಕೆ ಸಲೀಸು. ನೀರು ನುಗ್ಗದ ಚೀಲ, ಟೊಪ್ಪಿ, ಉದ್ದ ತೋಳಿನ ತೆಳು ಅಂಗಿ, ನೀರಿನಲ್ಲೂ ತೊಡಬಹುದಾದ ಮೆಟ್ಟು, ಮಾಮೂಲಿ ಔಷಧಿ, ಒಂದಿಷ್ಟು ನಗದು ಹಣ ಇವು ಇದ್ದರೆ ಸಾಕು. ಇಬ್ಬರಿಗೂ ಬೇಕಾದ ಸಾಮಾನನ್ನು ಒಂದೇ ಪ್ರತಿಯಲ್ಲಿ ಒಯ್ದರೆ ಹೆಗಲ ಭಾರ ಅರ್ಧವಾಗುತ್ತದೆ.

ಲಗೂನಿನ ಆಟಗಳಲ್ಲಿ ಮೊದಲನೆಯದು ಗಾಜಿನ ತಳದ ದೋಣಿ. ಈಜು ಬಾರದವರಿಗೂ ಹವಳದ ತೋಟವನ್ನು ತೋರಿಸುವ ವ್ಯವಸ್ಥೆ ಅದು. ಆಮೇಲೆ ಕಯಾಕ್. ಇಬ್ಬರು ಕೂರುವ ಕಯಾಕ್ ನೇರವಾಗಿ ಸಾಗಬೇಕಾದರೆ ಇಬ್ಬರ ಹುಟ್ಟೂ ಒಂದೇ ತಾಳಕ್ಕೆ ಬೀಳಬೇಕು. ಮುಂದೆ ಕುಳಿತವರು ಲಯ ಹಿಡಿಯುತ್ತಾರೆ, ಹಿಂದೆ ಕುಳಿತವರು ದಿಕ್ಕು ತಿದ್ದುತ್ತಾರೆ. ತಾಳ ತಪ್ಪಿದರೆ ದೋಣಿ ಇದ್ದಲ್ಲೇ ಸುತ್ತುತ್ತದೆ, ನಗು ಉಕ್ಕುತ್ತದೆ, ಮತ್ತೆ ಮೊದಲಿನಿಂದ ಶುರು. ಮೂರನೆಯದು ಸ್ನಾರ್ಕೆಲಿಂಗ್: ಮುಖಕ್ಕೆ ಗಾಜಿನ ಮುಸುಕು, ಬಾಯಿಗೆ ಉಸಿರಿನ ಕೊಳವೆ ಹಾಕಿಕೊಂಡು ನೀರಿನ ಮೇಲ್ಮೈಯಲ್ಲಿ ಬೋರಲಾಗಿ ತೇಲುವುದು. ಸೊಂಟದಾಳದ ನೀರಿನಲ್ಲೇ ಹಸಿರು ಗಿಣಿಮೀನು, ಹಳದಿ ಚಿಟ್ಟೆಮೀನು, ಕಪ್ಪು ಬಿಳಿ ಪಟ್ಟೆಗಳ ಪುಟ್ಟ ಮೀನುಗಳ ಗುಂಪು ಸುತ್ತ ಸುಳಿಯುತ್ತವೆ. ಅಗತ್ತಿಯ ಲಗೂನಿನಲ್ಲಿ ಕಡಲಹುಲ್ಲು ಮೇಯುವ ಹಸಿರು ಆಮೆಗಳು ಆಗಾಗ ಕಾಣಸಿಗುತ್ತವೆ. ಅವು ಉಸಿರಿಗಾಗಿ ಮೇಲೆ ಬರಲೇಬೇಕಾದ್ದರಿಂದ ಅವುಗಳ ದಾರಿಗೆ ಅಡ್ಡ ಹೋಗಬಾರದು, ಮುಟ್ಟಲಂತೂ ಬಾರದು.

ಕಡ್ಮತ್, ಬಂಗಾರಂ, ಕವರತ್ತಿ, ಅಗತ್ತಿಗಳಲ್ಲಿ ಸ್ಕೂಬಾ ಕಲಿಸುವ ಏರ್ಪಾಡು ಉಂಟು. ಸ್ಕೂಬಾದ ಮೂಲ ನಿಯಮವೇ ಒಬ್ಬರೇ ಇಳಿಯಬಾರದೆಂಬುದು. ಇಳಿಯುವ ಮುನ್ನ ಇಬ್ಬರೂ ಪರಸ್ಪರರ ಗಾಳಿಯ ಸಿಲಿಂಡರ್, ಕೊಳವೆ, ಪಟ್ಟಿ, ಭಾರಗಳನ್ನು ಪರೀಕ್ಷಿಸುತ್ತಾರೆ. ನೀರೊಳಗೆ ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಬಳಿಯಿರುವ ಹೆಚ್ಚುವರಿ ಕೊಳವೆಯಿಂದ ಉಸಿರಾಡುತ್ತ ಮೇಲೇರಬಹುದು. ಮಾತು ಸಾಗದ ಆ ಲೋಕದಲ್ಲಿ ಕೈಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ಎಲ್ಲ ಸರಿಯಾಗಿದೆ ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ಮೇಲೇರೋಣ ಎಂದರ್ಥ. ದಡದ ಮೇಲಿನ ರೂಢಿಯಂತೆ ಸಂತೋಷಕ್ಕೆ ಹೆಬ್ಬೆರಳೆತ್ತಿದ ಹೊಸಬರನ್ನು ಗೆಳೆಯರು ಪ್ರಾಮಾಣಿಕವಾಗಿ ಮೇಲಕ್ಕೆ ಕರೆದೊಯ್ದುಬಿಡುತ್ತಾರೆ. ಆದ್ದರಿಂದ ಸನ್ನೆಗಳನ್ನು ದಡದಲ್ಲೇ ಚೆನ್ನಾಗಿ ರೂಢಿಮಾಡಿಕೊಳ್ಳಬೇಕು.

ಹತ್ತು ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಾಗುತ್ತದೆ. ಅಲ್ಲಿ ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅಪಾಯವಾಗುತ್ತದೆ. ಹಾಗಾಗಿ ಸದಾ ನಿಧಾನವಾಗಿ ಉಸಿರಾಡುತ್ತಲೇ ಇರಬೇಕು. ಆಳಕ್ಕೆ ಹೋದಂತೆ ಬಣ್ಣಗಳು ಒಂದೊಂದಾಗಿ ಮಾಯವಾಗುತ್ತವೆ, ಮೊದಲು ಹೋಗುವುದು ಕೆಂಪು. ಹಲವು ಬಾರಿ ಮುಳುಗಿದವರು ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಬಿಡುವು ಕೊಡಬೇಕು. ಹೀಗಾಗಿ ಕೊನೆಯ ದಿನವನ್ನು ದಡದ ಓಡಾಟಕ್ಕೇ ಮೀಸಲಿಡುವುದು ಜಾಣತನ. ಆಸ್ತಮಾ, ಹೃದಯ ಅಥವಾ ಕಿವಿಯ ತೊಂದರೆ ಇರುವವರು ಮುಂಚೆಯೇ ವೈದ್ಯರ ಮಾತು ಕೇಳಬೇಕು. ಗೆಳೆಯರಲ್ಲಿ ಒಬ್ಬರು ಇಳಿಯಲು ಒಲ್ಲೆನೆಂದರೆ ಇನ್ನೊಬ್ಬರು ಒತ್ತಾಯಿಸಬಾರದು.

ಹೀಗೆ ಜೊತೆಯಾಗಿ ಇಳಿದವರಿಗೆ ನೀರೊಳಗೆ ಕಾಣುವುದೂ ಜೊತೆಗಳೇ. ಸೀ ಅನಿಮೋನ್ ಎಂಬ ಹೂವಿನಂಥ ಪ್ರಾಣಿಯ ಎಳೆಗಳು ಬೇರೆ ಮೀನುಗಳಿಗೆ ಚುಚ್ಚುತ್ತವೆ. ಕಿತ್ತಳೆ ಬಣ್ಣದ ಕ್ಲೌನ್ ಮೀನಿಗೆ ಮಾತ್ರ ಅದು ಮನೆ. ಮೀನು ಅಲ್ಲಿ ರಕ್ಷಣೆ ಪಡೆಯುತ್ತದೆ, ಅನಿಮೋನನ್ನು ಕಡಿಯಬರುವ ಮೀನುಗಳನ್ನು ಓಡಿಸುತ್ತದೆ. ಇನ್ನೂ ಸೊಗಸಾದ ಜೊತೆ ಮರಳಿನಲ್ಲಿದೆ. ಕಣ್ಣು ಮಂದವಾದ ಪಿಸ್ತೂಲ್ ಸೀಗಡಿ ದಿನವಿಡೀ ಬಿಲ ತೋಡಿ ಮರಳನ್ನು ಹೊರಹಾಕುತ್ತದೆ. ಗೋಬಿ ಎಂಬ ಪುಟ್ಟ ಮೀನು ಬಿಲದ ಬಾಯಲ್ಲಿ ಕಾವಲು ಕೂರುತ್ತದೆ. ಸೀಗಡಿ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಕೆಲಸ ಮಾಡುತ್ತದೆ. ಅಪಾಯ ಕಂಡ ಮೀನು ಬಾಲ ಅಲುಗಿಸಿದರೆ ಎರಡೂ ಬಿಲ ಸೇರುತ್ತವೆ. ಒಬ್ಬರಿಗೆ ಮನೆ ಕಟ್ಟುವ ಶಕ್ತಿ, ಇನ್ನೊಬ್ಬರಿಗೆ ನೋಡುವ ಕಣ್ಣು. ತುಸು ದೂರದಲ್ಲಿ ಅಲುಗಾಡದೆ ತೇಲುತ್ತ ಕಾದವರಿಗೆ ಈ ಸಂಸಾರ ಪೂರ್ತಿ ಕಾಣುತ್ತದೆ.

ರಾತ್ರಿಗೂ ಅದರದೇ ಆಟವಿದೆ. ಬಂಗಾರಂ ದ್ವೀಪದ ದಂಡೆಯಲ್ಲಿ ಕೆಲವು ಕತ್ತಲ ರಾತ್ರಿಗಳಂದು ನೀರನ್ನು ಕಲಕಿದರೆ ನೀಲಿ ಬೆಳಕು ಮಿನುಗುತ್ತದೆ. ಅಲುಗಾಡಿಸಿದಾಗ ಹೊಳೆಯುವ ಅತಿಸೂಕ್ಷ್ಮ ತೇಲುಜೀವಿಗಳ ಬೆಳಕು ಅದು. ದೀಪ ಆರಿಸಿ, ಹುಣ್ಣಿಮೆಯ ದಿನಗಳನ್ನು ಬಿಟ್ಟು ಹೋದರೆ ಕಾಣುವ ಸಂಭವ ಹೆಚ್ಚು. ದಂಡೆಯ ಮೇಲೆ ಬಿಳಿಚಿದ ಬಣ್ಣದ ಏಡಿಗಳು ಓಡಾಡುತ್ತವೆ, ಖಾಲಿ ಶಂಖವನ್ನು ಮನೆಮಾಡಿಕೊಂಡ ಸನ್ಯಾಸಿ ಏಡಿಗಳು ಬೆನ್ನ ಮೇಲೆ ಮನೆ ಹೊತ್ತು ಸಾಗುತ್ತವೆ. ದಂಡೆಯಿಂದ ಶಂಖ ಹೆಕ್ಕಿ ತಂದರೆ ಇವುಗಳಲ್ಲೊಂದಕ್ಕೆ ಮನೆ ತಪ್ಪುತ್ತದೆ.

ಊಟದಲ್ಲಿ ಟ್ಯೂನಾ ಮೀನು ಮತ್ತು ತೆಂಗಿನಕಾಯಿ ಮುಖ್ಯ. ಅಕ್ಕಿ, ತರಕಾರಿ, ಬೇಳೆಗಳೆಲ್ಲ ಮುಖ್ಯ ಭೂಮಿಯಿಂದ ಹಡಗಿನಲ್ಲಿ ಬರಬೇಕು. ಸಸ್ಯಾಹಾರಿಗಳು ಬುಕ್ಕಿಂಗ್ ಮಾಡುವಾಗಲೇ ತಿಳಿಸಿದರೆ ಅಡುಗೆಯವರಿಗೆ ಅನುಕೂಲ. ಮಿನಿಕಾಯ್‌ನಲ್ಲಿ ಟ್ಯೂನಾ ಹಿಡಿಯುವುದು ಗಾಳದ ಕೋಲಿನಿಂದ. ಲಗೂನಿನಲ್ಲಿ ಹಿಡಿದ ಜೀವಂತ ಸಣ್ಣ ಮೀನುಗಳನ್ನು ಕಡಲಿಗೆ ಎರಚಿ ಟ್ಯೂನಾ ಗುಂಪನ್ನು ದೋಣಿಯ ಬಳಿಗೆ ಸೆಳೆಯುತ್ತಾರೆ, ಮುಳ್ಳಿಲ್ಲದ ಗಾಳದಿಂದ ಒಂದೊಂದನ್ನೇ ಎತ್ತಿ ದೋಣಿಗೆ ಎಸೆಯುತ್ತಾರೆ. ಬಲೆಯಿಲ್ಲದ ಈ ವಿಧಾನದಲ್ಲಿ ಬೇಡದ ಜೀವಿಗಳು ಸಾಯುವುದು ಬಹಳ ಕಡಿಮೆ. ಹಿಡಿದ ಮೀನನ್ನು ಬೇಯಿಸಿ, ಹೊಗೆಗೆ ಒಡ್ಡಿ, ಬಿಸಿಲಿಗೆ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದ ಮಾಸ್ ಸಿದ್ಧವಾಗುತ್ತದೆ. 1885ರಲ್ಲಿ ಕಟ್ಟಿದ ಹಳೆಯ ದೀಪಸ್ತಂಭವೂ ಮಿನಿಕಾಯ್‌ನಲ್ಲಿದೆ. ಅಲ್ಲಿಯ ಜನ ಆಡುವುದು ಮಾಲ್ಡೀವ್ಸ್‌ನ ಭಾಷೆಗೆ ಹತ್ತಿರದ ಮಹಲ್. ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜೆಸರಿ ಕೇಳಿಬರುತ್ತದೆ.

ದ್ವೀಪವಾಸಿಗಳಲ್ಲಿ ಬಹುತೇಕರು ಮುಸ್ಲಿಮರು. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆ ಹೆಸರಾದದ್ದು. ಊರೊಳಗೆ ಹೋಗುವಾಗ ಮೈಮುಚ್ಚುವ ಉಡುಪು ಧರಿಸುವುದು, ಜನರ ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಕೇಳುವುದು, ನಮಾಜಿನ ಹೊತ್ತಿನಲ್ಲಿ ಗದ್ದಲ ಮಾಡದಿರುವುದು ಅತಿಥಿಗಳಿಗೆ ಸಲ್ಲುವ ನಡತೆ. ಜನವಸತಿ ಇರುವ ದ್ವೀಪಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ.

ಕನ್ನಡ ಕರಾವಳಿಗೆ ಈ ದ್ವೀಪಗಳು ಹೊಸಬರಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಳಿಸಿಕೊಂಡವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಈ ನಂಟು ನಡೆಯಿತು. ದ್ವೀಪದ ತೆಂಗಿನ ನಾರಿನ ಹಗ್ಗ ಇತ್ತ ಬರುತ್ತಿತ್ತು, ಇಲ್ಲಿಯ ಅಕ್ಕಿ ಅತ್ತ ಹೋಗುತ್ತಿತ್ತು. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿ ಹೊತ್ತ ಮಂಜಿ ಎಂಬ ಸರಕು ಹಡಗುಗಳು ಇಂದಿಗೂ ಲಕ್ಷದ್ವೀಪಕ್ಕೆ ಹೊರಡುತ್ತವೆ.

ಕುಡಿಯುವ ನೀರಿನ ವಿಚಾರ ಅತಿಥಿಗಳಿಗೆ ತಿಳಿದಿರಬೇಕು. ಮಳೆನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಹೆಚ್ಚು ಎತ್ತಿದರೆ ಉಪ್ಪುನೀರು ಮೇಲಕ್ಕೆ ಬಂದು ಬಾವಿ ಕೆಡುತ್ತದೆ. ಈ ಕಷ್ಟ ನೀಗಲು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಕಟ್ಟಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣನೆಯ ಕಡಲನೀರಿನಿಂದ ಆ ಆವಿಯನ್ನು ತಣಿಸುವ ಉಪಾಯ ಅದು. ಸ್ನಾನದ ನೀರನ್ನು ಹಿತಮಿತವಾಗಿ ಬಳಸುವುದು, ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯುವುದು ಗೆಳೆಯರು ಸುಲಭವಾಗಿ ಮಾಡಬಹುದಾದ ಉಪಕಾರ.

ಹವಳಕ್ಕೆ ದೊಡ್ಡ ಅಪಾಯ ಬಿಸಿ. ನೀರಿನ ತಾಪ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ತನ್ನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತು. ದಿಬ್ಬ ಸತ್ತರೆ ಅಲೆಗೆ ತಡೆಯಿಲ್ಲ, ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ದ್ವೀಪಕ್ಕೆ ಆಸರೆಯಿಲ್ಲ. ಕಡಲ ತಾಪ ಇಳಿಸುವುದು ಇಬ್ಬರು ಗೆಳೆಯರಿಂದ ಆಗದ ಕೆಲಸ. ಆದರೆ ದಣಿದ ಹವಳಕ್ಕೆ ಹೊಸ ಗಾಯ ಮಾಡದಿರುವುದು ಅವರ ಕೈಯಲ್ಲಿದೆ. ಹವಳದ ಮೇಲೆ ನಿಲ್ಲಬಾರದು, ಕೈಯೂರಬಾರದು, ಮುರಿದ ಚೂರನ್ನೂ ಎತ್ತಿಕೊಳ್ಳಬಾರದು. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸಂಗ್ರಹಿಸುವುದು ಅಪರಾಧ. ಬಿಸಿಲಿಗೆ ಮುಲಾಮಿಗಿಂತ ಉದ್ದ ತೋಳಿನ ಅಂಗಿ ಮೇಲು, ಏಕೆಂದರೆ ಕೆಲವು ಮುಲಾಮುಗಳ ರಾಸಾಯನಿಕ ಹವಳಕ್ಕೆ ಹಾನಿಕರ.

ಕೊನೆಯದಾಗಿ, ಇಬ್ಬರ ನಡುವಿನ ಹೊಂದಾಣಿಕೆ. ಒಬ್ಬರಿಗೆ ನಸುಕಿನಲ್ಲೇ ನೀರಿಗಿಳಿಯುವ ಉತ್ಸಾಹ, ಇನ್ನೊಬ್ಬರಿಗೆ ತೆಂಗಿನ ನೆರಳಲ್ಲಿ ಪುಸ್ತಕ ಹಿಡಿದು ಮಲಗುವ ಆಸೆ ಇರಬಹುದು. ಖರ್ಚಿನ ಲೆಕ್ಕವನ್ನು ಹೊರಡುವ ಮುನ್ನವೇ ಮಾತಾಡಿಕೊಂಡು, ದಿನದ ಒಂದು ಹೊತ್ತನ್ನು ಜೊತೆಗೆ, ಇನ್ನೊಂದು ಹೊತ್ತನ್ನು ಅವರವರ ಇಷ್ಟಕ್ಕೆ ಬಿಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ನೀರಿನಲ್ಲಿ ಮಾತ್ರ ಸದಾ ಜೊತೆಯಲ್ಲೇ ಇರಬೇಕು. ಕಡಲು ಕೆಟ್ಟು ದೋಣಿ ಹೊರಡದ ದಿನವೂ ಬರಬಹುದೆಂದು ಒಂದು ದಿನ ಕೈಯಲ್ಲಿಟ್ಟುಕೊಂಡು ಯೋಜನೆ ಮಾಡಿದರೆ ಅವಸರವಿರುವುದಿಲ್ಲ. ಕಡಿಮೆ ಸಾಮಾನು, ಕಡಿಮೆ ಆತುರ, ಒಬ್ಬರ ಮೇಲೊಬ್ಬರಿಗೆ ನಿಗಾ, ಆತಿಥ್ಯ ಕೊಟ್ಟ ನೆಲದ ಬಗ್ಗೆ ಗೌರವ ಇಷ್ಟಿದ್ದರೆ ಹವಳದ ದ್ವೀಪದ ರಜೆ ಗೆಳೆಯರಿಗೂ ಸುಖ, ದ್ವೀಪಕ್ಕೂ ಕ್ಷೇಮ.